ಕಾಲಿಗೆ ಬೀಗ ಹಾಕಿಕೊಂಡ ಮಳೆಗಾಲ

ಆಯುಧಪೂಜೆಗೆಂದು ಮನೆ ಗುಡಿಸುವಾಗ ಅಟ್ಟದ ಮೂಲೆಯಲ್ಲಿ ಒಂದು ರಟ್ಟಿನ ಡಬ್ಬ ಕೈಗೆ ಸಿಕ್ಕಿತು. ಏನಿರಬಹುದೆಂದು ಮುಚ್ಚಳ ತೆಗೆದೆ. ಥೂ! ಒಣಗದ ಕಾಲುಚೀಲ, ಬೂಷ್ಟು, ಹಳಸಿದ ಬೆವರು, ಅದನ್ನು ಮುಚ್ಚಲು ನಾನೇ ಸುರಿದಿದ್ದ ಮಲ್ಲಿಗೆ ಪೌಡರು, ಎಲ್ಲ ಸೇರಿ ಮೂಗಿಗೆ ಬಡಿಯಿತು. ಒಳಗೆ ನನ್ನ ಸೈಕಲ್ ಶೂಗಳು ಇದ್ದವು. ಅಂಗಾಲಿನ ಮುಂಭಾಗಕ್ಕೆ ತಿರುಪಿನಿಂದ ಬಿಗಿದ ಪುಟ್ಟ ಲೋಹದ ತುಂಡು ಕೆಂಪಗೆ ತುಕ್ಕು ಹಿಡಿದಿತ್ತು. ಡಬ್ಬವನ್ನು ಹಿತ್ತಲಿಗೆ ಒಯ್ದು ಇಟ್ಟು ಕೈ ತೊಳೆದೆ. ಸೋಪು ಹಾಕಿ ಎರಡನೇ ಸಲ ತೊಳೆದರೂ ನಾತ ಹೋಗಲಿಲ್ಲ. ಆ ಹೇಸಿಗೆ ಶೂಗಳದ್ದಷ್ಟೇ ಆಗಿದ್ದರೆ ಎಂದೋ ಹೋಗುತ್ತಿತ್ತು.

ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮರುವರ್ಷದ ಮಳೆಗಾಲ ಅದು. ನನಗೆ ಆಗ ನಲವತ್ತಮೂರು. ಭದ್ರಾವತಿಯ ಜನ್ನಾಪುರದಲ್ಲಿ ಮನೆ, ಶಿವಮೊಗ್ಗದ ಒಂದು ಆಫೀಸಿನಲ್ಲಿ ಗುಮಾಸ್ತೆಯ ಕೆಲಸ. ಹಿಂದಿನ ವರ್ಷ ಡಾಕ್ಟರು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಎಂದು ಹೆದರಿಸಿದ್ದರಿಂದ ಗೇರ್ ಇರುವ ಸೈಕಲ್ ಒಂದನ್ನು ಕೊಂಡಿದ್ದೆ. ದಿನಾ ಬೆಳಿಗ್ಗೆ ಆರಕ್ಕೆ ನಾನು ಮತ್ತು ಸೆಲ್ವಿ ಸೈಕಲ್ ಹೊಡೆಯಲು ಹೋಗುತ್ತಿದ್ದೆವು.

ಸೆಲ್ವಿ ನಮ್ಮ ಹಿಂದಿನ ಬೀದಿಯವಳು. ಅವಳ ತಂದೆ ಸೇಲಂ ಕಡೆಯಿಂದ ಇಲ್ಲಿನ ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ಮನೆಯ ಮುಂಗೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ನೇರಳೆ ಬಣ್ಣದ ಹಳೇ ಲೇಡೀಸ್ ಸೈಕಲ್ ಅವಳದು, ಮುಂದೆ ಬುಟ್ಟಿ. ಎಂಟನೇ ಕ್ಲಾಸಿನಲ್ಲಿ ನನಗೆ ಸೈಕಲ್ ಕಲಿಸಿದವಳು ಅವಳೇ. ಅವಳಪ್ಪನ ಎತ್ತರದ ಸೈಕಲ್ಲಿನಲ್ಲಿ ನಾನು ಒಳಗಾಲು ಹಾಕಿ ತುಳಿಯುತ್ತಿದ್ದರೆ ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡುತ್ತಿದ್ದಳು. ಇದನ್ನು ಓದುವವರು ಈ ಒಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನಾನು ಅದನ್ನು ಮರೆತೆ.

ನಮ್ಮಿಬ್ಬರಿಗೂ ಇನ್ನೊಂದು ಪಾಠವೂ ಆಗಲೇ ಆಗಿತ್ತು. ಮೇಷ್ಟ್ರು ಎದುರಿಗೆ ಬಂದರೆ ಸೈಕಲ್ ಇಳಿಯಬೇಕು. ಇಳಿದು, ನಮಸ್ಕಾರ ಸಾರ್ ಎಂದು, ಅವರು ದಾಟಿದ ಮೇಲೆ ಹತ್ತಬೇಕು. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ನಮಗೆ ಲೆಕ್ಕ ಕಲಿಸಿದ ತಿಪ್ಪೇಸ್ವಾಮಿ ಮೇಷ್ಟ್ರು ರಿಟೈರಾಗಿ ಜನ್ನಾಪುರದಲ್ಲೇ ಇದ್ದಾರೆ. ದಿನಾ ಬೆಳಿಗ್ಗೆ ಕೈಚೀಲ ಹಿಡಿದು ಹಾಲಿನ ಬೂತಿಗೆ ಬರುತ್ತಿದ್ದರು. ನಲವತ್ತು ದಾಟಿದ ನಾವಿಬ್ಬರೂ ಅವರನ್ನು ಕಂಡ ಕೂಡಲೇ ದಬಕ್ಕನೆ ಇಳಿಯುತ್ತಿದ್ದೆವು.

"ಇಳೀಬೇಡ್ರಮ್ಮ, ಹೋಗಿ ಹೋಗಿ. ಮೊಮ್ಮಕ್ಕಳನ್ನ ಆಡಿಸೋ ವಯಸ್ಸು ಬರ್ತಾ ಇದೆ ನಿಮಗೆ," ಎಂದು ಮೇಷ್ಟ್ರು ಪ್ರತಿದಿನವೂ ಹೇಳುತ್ತಿದ್ದರು. ನಾವು ಪ್ರತಿದಿನವೂ ಇಳಿಯುತ್ತಿದ್ದೆವು. ಇಳಿಯಬೇಕೋ ಬೇಡವೋ ಎಂದು ಯೋಚಿಸಿ ಇಳಿಯುತ್ತಿದ್ದುದಲ್ಲ. ಮೇಷ್ಟ್ರ ಬಿಳಿ ಅಂಗಿ ಕಂಡರೆ ಕಾಲು ತಾನಾಗಿ ನೆಲಕ್ಕೆ ಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ಆಫೀಸಿನವರೊಬ್ಬರು ನನ್ನನ್ನು ಶಿವಮೊಗ್ಗದ ಒಂದು ಸೈಕಲ್ ಗುಂಪಿಗೆ ಸೇರಿಸಿದರು. ಭಾನುವಾರ ಬೆಳಿಗ್ಗೆ ಹದಿನೈದು ಜನ, ಒಂದು ವಾರ ಸೋಗಾನೆಯ ಹೊಸ ರಸ್ತೆ, ಇನ್ನೊಂದು ವಾರ ತ್ಯಾವರೆಕೊಪ್ಪ. ಎಲ್ಲರೂ ಮೈಗಂಟುವ ಗಿಳಿಹಸಿರು, ಕಿತ್ತಳೆ ಬಣ್ಣದ ಬಟ್ಟೆಯವರು. ಹೊಟ್ಟೆಗಳು ಆ ಬಟ್ಟೆಯೊಳಗೆ ಉಸಿರು ಕಟ್ಟಿಕೊಂಡು ಕೂತಿರುತ್ತಿದ್ದವು. ಇಪ್ಪತ್ತು ಕಿಲೋಮೀಟರ್ ಹೊಡೆದು, ಹೋಟೆಲ್ಲಿಗೆ ನುಗ್ಗಿ, ಎರಡು ಪ್ಲೇಟ್ ಇಡ್ಲಿ ವಡೆ, ಮೇಲೊಂದು ಬೆಣ್ಣೆ ಮಸಾಲೆ ತಿಂದು, ಹೃದಯದ ಬಡಿತದ ಬಗ್ಗೆ ಮಾತಾಡುತ್ತಿದ್ದರು. ಇವತ್ತು ಅವರನ್ನು ಹೀಗೆ ಆಡಿಕೊಳ್ಳುತ್ತಿದ್ದೇನೆ. ಆಗ ಅವರು ಕರೆದದ್ದಕ್ಕೆ ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಒಂದೆರಡು ವಾರ ಸೆಲ್ವಿಯೂ ಬಂದಳು, ಚೂಡಿದಾರ್ ತೊಟ್ಟು, ಬುಟ್ಟಿಯ ಸೈಕಲ್ಲಿನಲ್ಲಿ. ಹಿಂದೆ ಉಳಿಯುತ್ತಿದ್ದಳು. ಅವಳಿಗೆ ಅದರ ಚಿಂತೆ ಇರಲಿಲ್ಲ. ರಸ್ತೆಬದಿಯಲ್ಲಿ ಹೂ ಮಾರುವವಳ ಜೊತೆ ಮಾತಾಡಿಕೊಂಡು ಬರುತ್ತಿದ್ದಳು. ಗುಂಪಿನ ಮುಂದಾಳು ಒಬ್ಬ ಹಲ್ಲಿನ ಡಾಕ್ಟರು. ಒಂದು ದಿನ ಹೋಟೆಲ್ಲಿನಲ್ಲಿ ನನ್ನ ಪಕ್ಕ ಕೂತು ಹೇಳಿದರು.

"ಮೇಡಂ, ನಿಮ್ಮ ಕಾಲಲ್ಲಿ ಒಳ್ಳೇ ಪವರ್ ಇದೆ. ಈ ಮಾಮೂಲಿ ಪೆಡಲ್‌ನಲ್ಲಿ ಅರ್ಧ ವೇಸ್ಟ್ ಆಗ್ತಿದೆ. ಕ್ಲಿಪ್‌ಲೆಸ್‌ಗೆ ಹೋಗಿ. ಆಮೇಲೆ ನೀವು ನಮ್ಮ ಜೊತೆ ಮುಂದೆ ಇರ್ತೀರ." ಮತ್ತೆ ದನಿ ತಗ್ಗಿಸಿ, "ನಿಮ್ಮ ಫ್ರೆಂಡ್‌ಗೆ ಇದೆಲ್ಲ ಆಗಲ್ಲ ಬಿಡಿ," ಎಂದರು.

ನಾನು ನಕ್ಕೆ. ಅವರ ಮಾತಿಗೆ ಒಪ್ಪಿಗೆ ಕೊಡುವ ನಗು ಅದು. ನಗುವಾಗ ನನ್ನ ಹಲ್ಲಿನ ಸಂದಿಯಲ್ಲಿ ಕೊತ್ತಂಬರಿ ಸೊಪ್ಪು ಸಿಕ್ಕಿಕೊಂಡಿತ್ತು, ಅದೂ ನೆನಪಿದೆ.

ಕ್ಲಿಪ್‌ಲೆಸ್ ಎಂದರೇನೆಂದು ತಿಳಿಯದವರಿಗೆ ಹೇಳಬೇಕು. ಶೂ ಅಡಿಯಲ್ಲಿ ಒಂದು ಲೋಹದ ತುಂಡು ಇರುತ್ತದೆ, ಅದಕ್ಕೆ ಕ್ಲೀಟ್ ಎನ್ನುತ್ತಾರೆ. ಪೆಡಲಿನ ಮೇಲೆ ಕಾಲಿಟ್ಟು ಒತ್ತಿದರೆ ಟಕ್ ಎಂದು ಕಚ್ಚಿಕೊಳ್ಳುತ್ತದೆ. ಆಮೇಲೆ ಕಾಲನ್ನು ಮೇಲಕ್ಕೆ ಎಳೆದರೂ ಬರುವುದಿಲ್ಲ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ನಿಲ್ಲಿಸುವುದಕ್ಕೆ ಮೊದಲೇ ತಿರುಗಿಸಬೇಕು. ಆ ಒಂದು ಕ್ಷಣ ಮರೆತರೆ ಸೈಕಲ್ಲಿನ ಸಮೇತ ಪಕ್ಕಕ್ಕೆ ಒರಗುವುದೇ. ಕೊರಿಯರ್‌ನಲ್ಲಿ ಬಂದ ಪೆಡಲುಗಳನ್ನು ಸೆಲ್ವಿಗೆ ತೋರಿಸಿದಾಗ ಅವಳು ಶೂವನ್ನು ತಿರುಗಿಸಿ ನೋಡಿದಳು.

"ಇದೇನೇ ಮಂಜುಳಾ, ಕಾಲಿಗೆ ಬೀಗ ಹಾಕ್ಕೊಂಡು ಹೋಗ್ತೀಯಾ? ನಾಯಿ ಅಟ್ಟಿಸ್ಕೊಂಡು ಬಂದ್ರೆ?"

"ಪ್ರಾಕ್ಟೀಸ್ ಆದ್ರೆ ಏನೂ ಆಗಲ್ಲ. ನಿಂಗೆ ಗೊತ್ತಾಗಲ್ಲ ಬಿಡು."

"ಗೊತ್ತಾಗಲ್ಲ ಮಾರಾಯ್ತಿ, ನಿಜ," ಎಂದು ನಕ್ಕಳು. "ಮೊದಲು ನಮ್ಮ ಬೀದೀಲೇ ಎರಡು ದಿನ ಹೊಡಿ. ನಾನು ಪಕ್ಕದಲ್ಲಿ ಬರ್ತೀನಿ."

ಅಂದರೆ ಮೂವತ್ತು ವರ್ಷದ ಮೇಲೆ ಮತ್ತೆ ನನ್ನ ಕ್ಯಾರಿಯರ್ ಹಿಡಿಯಲು ಬಂದಳು.

ಆಷಾಢದ ಒಂದು ಬೆಳಿಗ್ಗೆ. ಜಿಟಿಜಿಟಿ ಮಳೆ ನಿಂತು ರಸ್ತೆಯಲ್ಲಿ ಕಂದು ನೀರು ನಿಂತಿತ್ತು. ನಾನು ಬಲಗಡೆ, ಸೆಲ್ವಿ ಎಡಗಡೆ. ಗೋಡೆ ಹಿಡಿದು, ಗೇಟು ಹಿಡಿದು, ಹತ್ತು ಸಲ ಕಾಲು ಸಿಕ್ಕಿಸಿ ಬಿಡಿಸಿ ಕಲಿತಿದ್ದೆ. ಬೀದಿಯನ್ನು ಎರಡು ಸುತ್ತು ಹಾಕಿದೆವು. ಟಕ್ ಎಂದು ಬಿಡಿಸಿ ನಿಲ್ಲಿಸಿದೆ, ಟಕ್ ಎಂದು ಸಿಕ್ಕಿಸಿ ಹೊರಟೆ. ಬಂದುಬಿಟ್ಟಿತು ಎಂದು ಜಂಬ ಬಂತು. ಮೂರನೇ ಸುತ್ತಿನಲ್ಲಿ ಹಾಲಿನ ಬೂತಿನ ತಿರುವಿನಲ್ಲಿ ಬಿಳಿ ಅಂಗಿ ಕಂಡಿತು. ತಿಪ್ಪೇಸ್ವಾಮಿ ಮೇಷ್ಟ್ರು.

ಕಾಲು ನೆಲಕ್ಕೆ ಹೊರಟಿತು. ಹಿಮ್ಮಡಿ ತಿರುಗಿಸಬೇಕೆಂಬುದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಬ್ರೇಕ್ ಹಿಡಿದಿದ್ದೆ, ಸೈಕಲ್ ನಿಂತಿತ್ತು, ಎಡಗಾಲು ಪೆಡಲಿನಲ್ಲೇ ಇತ್ತು. ನಾನು ಎಡಕ್ಕೆ ವಾಲತೊಡಗಿದೆ. ನನ್ನ ಬಾಯಿಂದ ನಮಸ್ಕಾರ ಸಾರ್ ಎಂಬುದೂ ಹೊರಟಿತ್ತು, ಅದರಲ್ಲಿ ಅರ್ಧ ಮಾತ್ರ ಮುಗಿಯಿತು. ಸೆಲ್ವಿ ಆಗಲೇ ಇಳಿದು ನಿಂತಿದ್ದಳು. ನಾನು ವಾಲುವುದನ್ನು ನೋಡಿ ಅವಳು ತನ್ನ ಸೈಕಲ್ ಬಿಟ್ಟು ಬಲಗೈ ಚಾಚಿ ನನ್ನ ಭುಜ ಹಿಡಿದಳು. ಹಿಡಿದದ್ದು ನನಗೆ ಚೆನ್ನಾಗಿ ಗೊತ್ತು. ಐದು ಬೆರಳೂ ಭುಜಕ್ಕೆ ತಾಗಿದ್ದವು. ನನ್ನ ಭಾರ, ಸೈಕಲ್ಲಿನ ಭಾರ ಎಲ್ಲ ಆ ಒಂದು ಕೈ ಮೇಲೆ ಬಿತ್ತು. ಇಬ್ಬರೂ ಕೆಸರಿಗೆ ಬಿದ್ದೆವು, ಅವಳ ಕೈ ನನ್ನ ಹ್ಯಾಂಡಲ್ ಕೆಳಗೆ.

ಮಣಿಕಟ್ಟಿನ ಮೂಳೆ ಮುರಿದಿತ್ತು. ನನಗೆ ಮೊಣಕೈ ತರಚಿತ್ತು, ಅಷ್ಟೇ. ಬಿದ್ದ ಮೇಲೂ ನನ್ನ ಎರಡೂ ಕಾಲುಗಳು ಪೆಡಲಿನಲ್ಲೇ ಸಿಕ್ಕಿಕೊಂಡಿದ್ದವು. ಮೇಷ್ಟ್ರು ಹಾಲಿನ ಚೀಲ ಬಿಸಾಕಿ ಓಡಿಬಂದು, ನನ್ನ ಶೂಗಳನ್ನು ಹೇಗೆ ಬಿಡಿಸುವುದೆಂದು ತಿಳಿಯದೆ, ಕೊನೆಗೆ ಪಟ್ಟಿ ಬಿಚ್ಚಿ ನನ್ನ ಕಾಲುಗಳನ್ನು ಹೊರಕ್ಕೆ ತೆಗೆದರು. ಎಪ್ಪತ್ತು ದಾಟಿದ ಮೇಷ್ಟ್ರು ಕೆಸರಲ್ಲಿ ಮಂಡಿಯೂರಿ ನನ್ನ ಕಾಲು ಹಿಡಿದಿದ್ದರು. ಇದನ್ನು ನೆನೆದರೆ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಆಸ್ಪತ್ರೆಗೆ ಸೆಲ್ವಿಯ ಗಂಡ ಮುರುಗೇಶ ಬಂದ, ಜೊತೆಗೆ ಅವನ ತಾಯಿ. ಅವನು ಕಂತ್ರಾಟಿನ ಎಲೆಕ್ಟ್ರಿಷಿಯನ್. ಕೆಟ್ಟವನಲ್ಲ. ಹೆಂಡತಿ ಬೆಳಿಗ್ಗೆ ಸೈಕಲ್ ಹೊಡೆಯುವುದು ಮಾತ್ರ ಅವನಿಗೆ ಮೊದಲಿನಿಂದಲೂ ಸರಿಬರುತ್ತಿರಲಿಲ್ಲ. ನನ್ನ ಜೊತೆ ಎಂಬ ಕಾರಣಕ್ಕೆ ಸುಮ್ಮನಿದ್ದ.

"ಹೆಂಗಾಯ್ತು ಮೇಡಂ?" ಎಂದು ಕೇಳಿದ.

ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ನಾನು ಬಿದ್ದೆ, ಅವಳು ಹಿಡಿಯಲು ಬಂದಳು. ನನ್ನ ಬಾಯಿಂದ ಬಂದದ್ದು ಇದು: "ಅಡ್ಡ ಬಂದ್‌ಬಿಟ್ಲು ಮುರುಗೇಶ್. ಅವಳಿಗೆ ಬ್ಯಾಲೆನ್ಸ್ ಸ್ವಲ್ಪ ಕಮ್ಮಿ."

ಯಾಕೆ ಹಾಗೆಂದೆ? ಬೈಗುಳಕ್ಕೆ ಹೆದರಿ ಅಲ್ಲ, ನನ್ನನ್ನು ಬೈಯುವವರು ಅಲ್ಲಿ ಯಾರಿದ್ದರು? ಹೊಸ ಶೂ, ಹೊಸ ಪೆಡಲು, ಕಾಲಿನ ಪವರು, ಇದೆಲ್ಲ ಮೂರನೇ ಸುತ್ತಿಗೇ ಕೆಸರಿಗೆ ಬಿತ್ತು ಎಂದು ಹೇಳಲು ನಾಚಿಕೆಯಾಯಿತು. ಇಷ್ಟೇ. ಇಷ್ಟು ಸಣ್ಣದಕ್ಕೆ. ಸೆಲ್ವಿ ಪಕ್ಕದ ಮಂಚದಲ್ಲೇ ಇದ್ದಳು. ತಿರುಗಿ ನನ್ನನ್ನು ನೋಡಿದಳು. ಅವಳ ಅತ್ತೆ, "ನಾನು ಅವತ್ತೇ ಹೇಳ್ದೆ, ಈ ವಯಸ್ಸಲ್ಲಿ ಸೈಕಲ್ಲು ಬೇಡ ಅಂತ," ಎಂದು ಶುರು ಮಾಡಿದರು. ನಾನು ಕಷಾಯ ಕುಡಿದವಳ ಹಾಗೆ ಮುಖ ಮಾಡಿಕೊಂಡು ನಿಂತಿದ್ದೆ.

ಬಲಗೈಗೆ ಆರು ವಾರದ ಪ್ಲಾಸ್ಟರ್. ವರಮಹಾಲಕ್ಷ್ಮಿಗೆಂದು ಒಪ್ಪಿಕೊಂಡಿದ್ದ ಬ್ಲೌಸ್ ಪೀಸುಗಳನ್ನೆಲ್ಲ ಸೆಲ್ವಿ ವಾಪಸ್ ಕೊಟ್ಟಳು. ಇನ್ನು ನಾನು? ಕೇಳಿ. ಮುಂದಿನ ಭಾನುವಾರ ಅದೇ ಶೂ ಹಾಕಿಕೊಂಡು ಗುಂಪಿನ ಜೊತೆ ತ್ಯಾವರೆಕೊಪ್ಪಕ್ಕೆ ಹೋದೆ. ಹೋಟೆಲ್ಲಿನಲ್ಲಿ ಡಾಕ್ಟರು ನನ್ನ ಮೊಣಕೈ ಪಟ್ಟಿ ನೋಡಿ ಏನಾಯ್ತೆಂದು ಕೇಳಿದರು. ಸುಳ್ಳು ಎರಡನೇ ಸಲಕ್ಕೆ ಇನ್ನೂ ಚೆನ್ನಾಗಿ ಬಂತು. ಫ್ರೆಂಡ್ ಅಡ್ಡ ಬಂದಳು, ನಾನು ತಪ್ಪಿಸಲು ಹೋದೆ, ಪಾಪ ಅವಳ ಕೈ ಮುರಿಯಿತು. ಎಲ್ಲರೂ ಚ್ಚು ಚ್ಚು ಎಂದರು. "ಅದಕ್ಕೇ ಹೇಳೋದು, ಲೆವೆಲ್ ಮ್ಯಾಚ್ ಆಗಬೇಕು," ಎಂದರು ಡಾಕ್ಟರು. ನಾನು ತಲೆಯಾಡಿಸುತ್ತ ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡೆ.

ಆ ವರ್ಷದ ಮಳೆ ಬಿಡುವುದೇ ಇಲ್ಲ ಎಂಬಂತೆ ಹಿಡಿಯಿತು. ಪ್ರತಿ ವಾರ ಶೂ ನೆನೆಯುತ್ತಿತ್ತು. ಒಳಗೆ ಪೇಪರ್ ತುರುಕಿದೆ, ಫ್ಯಾನಿನ ಕೆಳಗಿಟ್ಟೆ, ಪೌಡರ್ ಹಾಕಿದೆ. ಮೂರನೇ ವಾರಕ್ಕೆ ಅದು ಸತ್ತ ಇಲಿಯ ಹಾಗೆ ನಾರತೊಡಗಿತು. ನನ್ನ ಗಂಡ ಮೂಗು ಮುಚ್ಚಿಕೊಂಡು, "ಇದನ್ನ ಹೊರಗಿಡು ಮಾರಾಯ್ತಿ, ದೇವರ ಮನೆವರೆಗೂ ಬರ್ತಿದೆ," ಎಂದು ಗೊಣಗಿದರು. ಅವರಿಗೂ ನಾನು ನಿಜ ಹೇಳಿರಲಿಲ್ಲ.

ಶ್ರಾವಣದಲ್ಲಿ ಒಂದು ದಿನ ಆಫೀಸಿಗೆ ಬಸ್ಸಿನಲ್ಲಿ ಹೊರಟಿದ್ದೆ. ಜನ್ನಾಪುರದ ಸ್ಟಾಪು ಬಿಟ್ಟು ಸ್ವಲ್ಪ ಮುಂದೆ ಗುಜರಿಯವನ ತಳ್ಳುಗಾಡಿ ಹೋಗುತ್ತಿತ್ತು. ಹಳೇ ಬಕೆಟ್ಟು, ಮುರಿದ ಕುರ್ಚಿ, ಎಲ್ಲದರ ಮೇಲೆ ಅಡ್ಡ ಮಲಗಿಸಿದ ನೇರಳೆ ಸೈಕಲ್. ಬುಟ್ಟಿ ಹಾಗೇ ಇತ್ತು. ಬುಟ್ಟಿಯೊಳಗೆ ಅವಳು ಸುತ್ತಿದ್ದ ಹೂವಿನ ಬಟ್ಟೆಯೂ ಇತ್ತು. ಬಸ್ಸು ಅದರ ಪಕ್ಕದಲ್ಲೇ ನಿಧಾನಕ್ಕೆ ದಾಟಿತು. ಇಳಿಯಬಹುದಾಗಿತ್ತು. ಕಂಡಕ್ಟರಿಗೆ ಒಂದು ಕೂಗು ಹಾಕಿದ್ದರೆ ಸಾಕಾಗಿತ್ತು. ಕಿಟಕಿಯ ಪರದೆ ಎಳೆದುಕೊಂಡೆ. ಬಸ್ಸಿನ ಪರದೆಗೂ ಒಂದು ನಾತ ಇರುತ್ತದೆ, ನೂರು ಜನ ಮುಖ ಒರೆಸಿದ್ದು. ಅದರ ಹಿಂದೆ ಮುಖ ಮರೆಸಿಕೊಂಡು ಶಿವಮೊಗ್ಗ ತಲುಪಿದೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಸೆಲ್ವಿಯನ್ನು ನೋಡಲು ಹೋದೆ, ಹಣ್ಣು ತೆಗೆದುಕೊಂಡು. ಅವಳು ಕಾಫಿ ಕೊಟ್ಟಳು. ಕೈ ಸಣಕಲಾಗಿತ್ತು, ಕತ್ತರಿ ಹಿಡಿದರೆ ನಡುಗುತ್ತಿತ್ತು. ಸೈಕಲ್ಲಿನ ಮಾತೇ ಬರಲಿಲ್ಲ. ಅದು ನಿಲ್ಲುತ್ತಿದ್ದ ಜಗಲಿ ಮೂಲೆಯಲ್ಲಿ ನೀರಿನ ಡ್ರಮ್ಮು ಕೂತಿತ್ತು. ಹೊರಡುವಾಗ ಬಾಗಿಲ ತನಕ ಬಂದು ಸ್ವಲ್ಪ ಹೊತ್ತು ನಿಂತಳು, ನಾನು ಏನಾದರೂ ಹೇಳುತ್ತೇನೋ ಎಂದು. "ಹುಷಾರು," ಎಂದೆ. ಎಂಥ ಮಾತು!

ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ಮೇಷ್ಟ್ರು ಕಾಣುತ್ತಲೇ ಇರಲಿಲ್ಲ. ಮೈ ಸರಿಯಿಲ್ಲವೇನೋ ಎಂದುಕೊಂಡೆ. ಮಹಾಲಯ ಅಮಾವಾಸ್ಯೆಗೆ ಎರಡು ದಿನ ಇರುವಾಗ, ಬೇರೆ ಕೆಲಸಕ್ಕೆಂದು ಹಿಂದಿನ ಓಣಿಯಲ್ಲಿ ನಡೆದು ಹೋಗುತ್ತಿದ್ದೆ. ಮೋರಿಯ ಪಕ್ಕದ ಕಿರಿದಾದ ದಾರಿ, ಹಂದಿಗಳು ಹೊರಳಾಡುವ ಜಾಗ, ಮೂಗು ಬಿಡುವ ಹಾಗಿಲ್ಲ. ಆ ದಾರಿಯಲ್ಲಿ ಮೇಷ್ಟ್ರು ಪಂಚೆ ಎತ್ತಿ ಹಿಡಿದು, ಹಾಲಿನ ಚೀಲದೊಂದಿಗೆ ಬರುತ್ತಿದ್ದರು.

"ಸಾರ್, ಈ ಕಡೆಯಿಂದ ಯಾಕೆ? ಜಾರಿ ಬಿದ್ರೆ?"

"ಈ ಕಡೆ ಸೈಕಲ್ ಬರಲ್ಲಮ್ಮ," ಎಂದರು.

ನನಗೆ ಅರ್ಥವಾಗಲಿಲ್ಲ.

"ಅವತ್ತು ನನ್ನನ್ನ ನೋಡಿ ತಾನೇ ನೀನು ಇಳಿಯಕ್ಕೆ ಹೋಗಿದ್ದು? ನಾನು ಎಷ್ಟು ವರ್ಷದಿಂದ ಹೇಳ್ತಾ ಬಂದೆ, ಇಳೀಬೇಡ್ರಮ್ಮ ಅಂತ. ಬರೀ ಬಾಯಲ್ಲಿ ಹೇಳಿದ್ದು. ನೀವು ಇಳಿದ್ರೆ ಒಳಗೆ ಖುಷಿ ಆಗ್ತಿತ್ತು. ನನ್ನ ಖುಷಿಗೆ ಆ ಹುಡುಗಿ ಕೈ ಹೋಯ್ತು." ಅವರ ದನಿ ಸಣ್ಣದಾಯಿತು. "ಅವಳು ಸೈಕಲ್ ಹೊಡೀತಾಳೇನಮ್ಮ ಈಗ?"

"ಇಲ್ಲ ಸಾರ್."

ತಲೆಯಾಡಿಸಿ ಹೋದರು. ನಾನು ಮೋರಿಯ ಪಕ್ಕ ನಿಂತೇ ಇದ್ದೆ. ಕೈ ಮುರಿದುಕೊಂಡವಳು ತಪ್ಪು ಹೊತ್ತಿದ್ದಳು. ರಸ್ತೆಯ ಆಚೆ ಹಾಲು ತೆಗೆದುಕೊಂಡು ನಿಂತಿದ್ದ ಮುದುಕರು ತಪ್ಪು ಹೊತ್ತು ಎರಡು ತಿಂಗಳಿಂದ ಈ ಗಲೀಜು ತುಳಿಯುತ್ತಿದ್ದರು. ಬಿದ್ದವಳು ಮಾತ್ರ ಭಾನುವಾರ ಇಡ್ಲಿ ತಿನ್ನುತ್ತಿದ್ದಳು. ಅಲ್ಲಿಯೇ ವಾಂತಿ ಮಾಡಿಕೊಂಡೆ. ಹಂದಿಯ ನಾತಕ್ಕೆ ಎಂದು ಯಾರಾದರೂ ತಿಳಿದಿರಬಹುದು.

ಅವತ್ತೇ ಹೋಗಿ ಹೇಳಿದೆನೇ? ಇಲ್ಲ. ಮತ್ತೂ ಹನ್ನೊಂದು ದಿನ ಬೇಕಾಯಿತು. ಆಯುಧಪೂಜೆಯ ಬೆಳಿಗ್ಗೆ ಶೂಗಳನ್ನು ಡಬ್ಬದಲ್ಲಿ ಹಾಕಿ ಅಟ್ಟಕ್ಕೆ ಎಸೆದೆ. ಪೆಡಲುಗಳನ್ನು ಪಾನಾ ಹಾಕಿ ಬಿಚ್ಚಿ ಹಳೆಯ ಮಾಮೂಲಿ ಪೆಡಲುಗಳನ್ನು ಹಾಕಿದೆ. ಸೈಕಲ್ ತೊಳೆದು ತಳ್ಳಿಕೊಂಡು ಸೆಲ್ವಿಯ ಮನೆಗೆ ಹೋದೆ. ಮುರುಗೇಶ ಬೈಕಿಗೆ ಹಾರ ಹಾಕಿ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ಹೊಲಿಗೆ ಮೆಷಿನ್ನಿಗೆ ವಿಭೂತಿ ಕುಂಕುಮ ಆಗಿತ್ತು. ಅತ್ತೆ ಬೂದುಗುಂಬಳಕಾಯಿ ಹಿಡಿದು ಕೂತಿದ್ದರು. ಸೆಲ್ವಿ ಬಾಳೆಕಂದು ಕಟ್ಟುತ್ತಿದ್ದಳು, ಎಡಗೈಯಲ್ಲಿ.

"ಮುರುಗೇಶ್, ಅವತ್ತು ಬಿದ್ದಿದ್ದು ನಾನು," ಎಂದೆ. "ಸೆಲ್ವಿ ಅಡ್ಡ ಬರಲಿಲ್ಲ. ಇಳಿದು ನಿಂತಿದ್ಲು. ನನ್ನ ಹಿಡಿಯಕ್ಕೆ ಬಂದು ಕೈ ಮುರ್ಕೊಂಡ್ಲು. ನಾನು ಸುಳ್ಳು ಹೇಳಿದೆ. ಅಮ್ಮ, ನಿಮಗೂ ಹೇಳ್ತಿದ್ದೀನಿ."

ಅತ್ತೆ ಕುಂಬಳಕಾಯಿಯನ್ನು ನೆಲಕ್ಕಿಟ್ಟರು. ಮುರುಗೇಶ ಕೈಯ ಕುಂಕುಮವನ್ನು ಪ್ಯಾಂಟಿಗೆ ಒರೆಸಿಕೊಂಡ. "ಸೈಕಲ್ ಗುಜರಿಗೆ ಹಾಕ್‌ಬಿಟ್ನಲ್ಲ ಮೇಡಂ," ಎಂದ. ಬೈದಿದ್ದರೆ ಚೆನ್ನಾಗಿತ್ತು.

"ಇದನ್ನ ಇಟ್ಕೊಳ್ಳಿ. ಸೆಲ್ವಿಗೇ ಅಂತ ತಂದೆ," ಎಂದು ನನ್ನ ಸೈಕಲ್ ಮುಂದೆ ತಳ್ಳಿದೆ.

"ಬೇಡ," ಎಂದಳು ಸೆಲ್ವಿ. ಅಷ್ಟು ಹೊತ್ತಿನವರೆಗೂ ಅವಳು ತಿರುಗಿ ನೋಡಿರಲಿಲ್ಲ. "ಅವಳದ್ದು ನಂಗ್ಯಾಕೆ?"

ಗೇಟಿನ ತನಕ ಬಂದಳು. ಕಣ್ಣಲ್ಲಿ ನೀರಿರಲಿಲ್ಲ.

"ಕೈ ಮುರಿದಿದ್ದಕ್ಕೆ ನಂಗೆ ಸಿಟ್ಟಿಲ್ಲ ಮಂಜುಳಾ. ಇನ್ನೊಂದು ಸಲ ಬಿದ್ರೂ ಹಿಡೀತೀನಿ, ಅದು ಕೈ ತಾನಾಗಿ ಹೋಗುತ್ತೆ. ಬ್ಯಾಲೆನ್ಸ್ ಕಮ್ಮಿ ಅಂದ್ಯಲ್ಲ. ನಂಗೆ. ನೀನು." ಮುರಿದ ಕೈಯಿಂದ ಗೇಟಿನ ಚಿಲಕ ತೆಗೆದಳು. "ನೀನೇ ಹೇಳ್ತೀಯ ಅಂತ ದಿನಾ ಕಾಯ್ತಿದ್ದೆ. ಹೋಗು, ಪೂಜೆಗೆ ಹೊತ್ತಾಯ್ತು."

ಅಂದು ಸಂಜೆ ಮೇಷ್ಟ್ರ ಮನೆಗೂ ಹೋಗಿ ಎಲ್ಲ ಹೇಳಿದೆ. ಅವರು ಮರುದಿನದಿಂದ ಮತ್ತೆ ಮುಂದಿನ ರಸ್ತೆಯಲ್ಲೇ ಬರತೊಡಗಿದರು. ಗುಂಪಿನವರಿಗೆ ಫೋನಿನಲ್ಲಿ ಬರೆದು ತಿಳಿಸಿದೆ. ಡಾಕ್ಟರು ಕೈಮುಗಿಯುವ ಚಿತ್ರ ಒಂದನ್ನು ಕಳಿಸಿದರು. ನಾನು ಗುಂಪು ಬಿಟ್ಟೆ.

ಆ ಚಳಿಗಾಲದಲ್ಲೇ ಸೆಲ್ವಿ ತನ್ನದೇ ದುಡಿಮೆಯಲ್ಲಿ ಹೊಸ ಸೈಕಲ್ ಕೊಂಡಳು. ಮುರುಗೇಶನೇ ಜೊತೆಗೆ ಹೋಗಿ ಆರಿಸಿದನಂತೆ. ಮತ್ತೆ ಬುಟ್ಟಿಯದ್ದೇ, ಈ ಸಲ ಹಸಿರು. ಬೆಳಿಗ್ಗೆ ಆರಕ್ಕೆ ಅವಳು ಹೊರಡುತ್ತಾಳೆ, ಒಬ್ಬಳೇ. ನಾನೂ ಹೊರಡುತ್ತೇನೆ, ಒಬ್ಬಳೇ. ಅವಳ ಕೈಲಿ ಬ್ಲೌಸ್ ಹೊಲಿಸುತ್ತೇನೆ, ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಹೋಗಿ ಬರುತ್ತೇನೆ, ಎಲ್ಲ ಇದೆ. ಜೊತೆಯಲ್ಲಿ ಸೈಕಲ್ ಹೊಡೆಯೋಣ ಎಂದು ಅವಳು ಕರೆದಿಲ್ಲ, ಕೇಳುವ ಮುಖ ನನಗಿಲ್ಲ.

ಶೂಗಳನ್ನು ಇವತ್ತು ಕಸದ ಗಾಡಿಗೆ ಹಾಕಿದೆ. ಗಾಡಿಯವನೂ ಮೂಗು ಮುಚ್ಚಿಕೊಂಡ.

ನಾಳೆ ಬೆಳಿಗ್ಗೆಯೂ ಹಾಲಿನ ಬೂತಿನ ತಿರುವಿನಲ್ಲಿ ಹಸಿರು ಸೈಕಲ್ ಎದುರಿಗೆ ಬರುತ್ತದೆ. ಮೇಷ್ಟ್ರು ಇರಲಿ ಇಲ್ಲದಿರಲಿ, ಅವಳನ್ನು ಕಂಡ ಕೂಡಲೇ ನಾನು ಸೈಕಲ್ ಇಳಿದು ನಿಲ್ಲುತ್ತೇನೆ. ಅವಳು ಇಳಿಯುವುದಿಲ್ಲ. ಬೆಲ್ ಹೊಡೆದು ಹೋಗುತ್ತಾಳೆ. ಅವಳು ದಾಟಿದ ಮೇಲೆ ನಾನು ಹತ್ತುತ್ತೇನೆ.